ಡಿಸ್ನಿಲ್ಯಾಂಡ್‌ನ ಹಳೇ ರೈಡುಗಳು: ‘ಮೊದಲಿನಿಂದ ಹೀಗೇ ಇತ್ತು’ ಅನ್ನುವವರಿಗೆ ಒಂದಿಷ್ಟು ಇತಿಹಾಸ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಅನಹೈಮ್ ಅಂತ ಒಂದು ಊರಿದೆ. ಅಲ್ಲಿ 1955ರ ಜುಲೈ 17ರಂದು ಡಿಸ್ನಿಲ್ಯಾಂಡ್ ಬಾಗಿಲು ತೆರೆಯಿತು. 2025ಕ್ಕೆ ಅದಕ್ಕೆ ಎಪ್ಪತ್ತು ವರ್ಷ ತುಂಬಿತು. ಆ ಬೇಸಿಗೆಯಲ್ಲಿ ಶುರುವಾದ ರೈಡುಗಳಲ್ಲಿ ಸುಮಾರು ಒಂದು ಡಜನ್ ಇವತ್ತಿಗೂ ಓಡುತ್ತಿವೆ. ಉಗಿ ರೈಲು, ಮಾರ್ಕ್ ಟ್ವೈನ್ ಹಡಗು, ಜಂಗಲ್ ಕ್ರೂಸ್ ದೋಣಿ, ಮರದ ಕುದುರೆಗಳ ಕ್ಯಾರೊಸೆಲ್, ಪೀಟರ್ ಪ್ಯಾನ್, ಸ್ನೋ ವೈಟ್, ಮಿಸ್ಟರ್ ಟೋಡ್, ಗಿರಗಿರ ತಿರುಗುವ ಟೀ ಕಪ್ಪುಗಳು, ಮಕ್ಕಳೇ ಓಡಿಸುವ ಆಟೋಪಿಯಾ ಕಾರುಗಳು, ಒಂದು ತಿಂಗಳು ತಡವಾಗಿ ಬಂದ ಡಂಬೋ ಆನೆ. ಹೀಗೆ ಪಟ್ಟಿ ಸಾಗುತ್ತದೆ.

ಈ ಹಳೇ ರೈಡುಗಳಿಗೆ ಕೈ ಹಾಕಿದಾಗಲೆಲ್ಲ ಅಲ್ಲಿ ದೊಡ್ಡ ಜಗಳ ಆಗುತ್ತೆ. ಒಂದು ಗೊಂಬೆ ತೆಗೆದರೂ ಸಾಕು, "ವಾಲ್ಟ್ ಡಿಸ್ನಿ ಮಾಡಿಟ್ಟಿದ್ದನ್ನು ಮುಟ್ಟಬೇಡಿ, ಮೊದಲಿನಿಂದ ಹೀಗೇ ಇತ್ತು" ಅನ್ನೋ ದೊಡ್ಡ ಪಡೆ ಒಂದು ಕಡೆ. "ಅವಮಾನ ಮಾಡೋದನ್ನು ಎಪ್ಪತ್ತು ವರ್ಷ ಇಟ್ಟುಕೊಂಡರೆ ಅದು ಪರಂಪರೆ ಆಗಲ್ಲ" ಅನ್ನುವವರು ಇನ್ನೊಂದು ಕಡೆ. ಮಧ್ಯದಲ್ಲಿ ಲಾಭ ಲೆಕ್ಕ ಹಾಕೋ ಕಂಪನಿ.

ಆಟದ ಪಾರ್ಕಿನ ಜಗಳ ನಮಗ್ಯಾಕೆ ಅಂತ ಅನಿಸಬಹುದು. ಆದರೆ ‘ಮೊದಲಿನಿಂದ ಹೀಗೇ ಇತ್ತು’ ಅನ್ನೋ ವಾದ ನಮಗೆ ಹೊಸದಲ್ಲ. ಆಹಾರದಿಂದ ಹಿಡಿದು ಆಚರಣೆ, ಊರಿನ ಹೆಸರು, ಪಠ್ಯಪುಸ್ತಕದವರೆಗೆ ಎಲ್ಲ ಕಡೆ ಅದು ಬರುತ್ತೆ. ಡಿಸ್ನಿಲ್ಯಾಂಡ್‌ನಲ್ಲಿ ಒಂದು ಅನುಕೂಲ ಇದೆ. ಅಲ್ಲಿಯ ‘ಮೊದಲು’ ತೀರಾ ಈಚಿನದು. ಯಾವ ವರ್ಷ ಯಾರು ಏನು ಬದಲಿಸಿದರು ಅನ್ನೋದು ದಾಖಲೆಯಲ್ಲಿದೆ. ಹಾಗಾಗಿ ಆ ವಾದವನ್ನು ಪರೀಕ್ಷೆಗೆ ಒಡ್ಡಬಹುದು.

ಪಾರ್ಕಿಗಿಂತ ಹಳೆಯ ಕುದುರೆಗಳು

ಡಿಸ್ನಿಲ್ಯಾಂಡ್‌ನ ಅತ್ಯಂತ ಹಳೆಯ ರೈಡ್ ಯಾವುದು? ಉತ್ತರ: ಡಿಸ್ನಿ ಮಾಡದ ರೈಡ್. ಕಿಂಗ್ ಆರ್ಥರ್ ಕ್ಯಾರೊಸೆಲ್ ತಯಾರಾಗಿದ್ದು 1922ರಲ್ಲಿ, ಅಂದ್ರೆ ಪಾರ್ಕಿಗಿಂತ 33 ವರ್ಷ ಮೊದಲು. ಮಾಡಿದ್ದು ಡೆಂಟ್ಜೆಲ್ ಅನ್ನೋ ಹಳೇ ಕ್ಯಾರೊಸೆಲ್ ಕಂಪನಿ. ಅದು ತಿರುಗುತ್ತಿದ್ದದ್ದು ಕೆನಡಾದ ಟೊರಾಂಟೊದ ಸನ್ನಿಸೈಡ್ ಅನ್ನೋ ಕೆರೆದಂಡೆಯ ಪಾರ್ಕಿನಲ್ಲಿ. ಆ ಪಾರ್ಕ್ ಮುಚ್ಚುವ ಹೊತ್ತಿಗೆ ಡಿಸ್ನಿಯವರು ಇದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡು ತಂದರು.

ತಂದ ಮೇಲೆ ಹಾಗೇ ನಿಲ್ಲಿಸಿದರಾ? ಇಲ್ಲ. ಮೂಲದಲ್ಲಿ ಅದರ ಮೇಲೆ ಕುದುರೆಗಳ ಜೊತೆ ಬೇರೆ ಪ್ರಾಣಿಗಳೂ ಇದ್ದವು. ವಾಲ್ಟ್ ಡಿಸ್ನಿಗೆ ಬರೀ ಕುದುರೆ ಬೇಕಿತ್ತು, ಅದೂ ಎಲ್ಲವೂ ನೆಗೆಯೋ ಕುದುರೆಗಳೇ ಆಗಬೇಕಿತ್ತು. ಬೇರೆ ಪ್ರಾಣಿಗಳನ್ನು ತೆಗೆಸಿದರು, ಬೇರೆ ಊರುಗಳ ಹಳೇ ಕ್ಯಾರೊಸೆಲ್‌ಗಳಿಂದ ಕುದುರೆ ತರಿಸಿದರು, ನಿಂತ ಕುದುರೆಗಳ ಕಾಲು ಬದಲಿಸಿ ನೆಗೆಯುವ ಹಾಗೆ ಮಾಡಿಸಿದರು. ಮೂರು ಸಾಲು ಇದ್ದದ್ದು ನಾಲ್ಕಾಯಿತು. ಶುರುವಿನಲ್ಲಿ ಬಣ್ಣಬಣ್ಣದ ಕುದುರೆಗಳಿದ್ದವು. 1970ರ ದಶಕದಲ್ಲಿ ಎಲ್ಲಕ್ಕೂ ಬಿಳಿ ಬಣ್ಣ ಬಳಿದರು. 1983ರಲ್ಲಿ ಇಡೀ ಕ್ಯಾರೊಸೆಲ್ಲನ್ನೇ ಎತ್ತಿ ಸ್ವಲ್ಪ ಹಿಂದಕ್ಕೆ ಕೂರಿಸಿದರು. ಈ ಶತಮಾನದ ಆರಂಭದಲ್ಲಿ ಕೆಲವು ಕುದುರೆಗಳನ್ನು ತೆಗೆದು, ಕುದುರೆ ಹತ್ತಲಾಗದವರಿಗಾಗಿ ಒಂದು ಬೆಂಚು ಹಾಕಿದರು.

ನಮ್ಮೂರ ತೇರಿನ ಕಥೆಯೂ ಹೀಗೇ ಅಲ್ವಾ? ಅಚ್ಚು ಸವೆದರೆ ಅಚ್ಚು ಬದಲಿಸ್ತಾರೆ, ಗಾಲಿ ಬಿರುಕು ಬಿಟ್ಟರೆ ಗಾಲಿ ಬದಲಿಸ್ತಾರೆ. ನೂರು ವರ್ಷಕ್ಕೆ ಎಷ್ಟು ಮರ ಹಳೇದು ಉಳಿದಿದೆಯೋ ಯಾರೂ ಲೆಕ್ಕ ಇಟ್ಟಿರಲ್ಲ. ಆದರೂ ‘ಅದೇ ತೇರು’ ಅಂತೀವಿ. ಅದರಲ್ಲಿ ತಪ್ಪೇನಿಲ್ಲ. ಬದಲಾಗುತ್ತಾ ಬಂದದ್ದಕ್ಕೇ ಅದು ಉಳಿದಿದೆ ಅನ್ನೋದನ್ನು ಮರೆತಾಗ ಮಾತ್ರ ತೊಂದರೆ.

‘ಮೂಲ’ ದಿನ ಹೇಗಿತ್ತು?

ಸರಿ, ಮೊದಲ ದಿನಕ್ಕೇ ಹೋಗೋಣ. ಸುಮಾರು 160 ಎಕರೆ ಕಿತ್ತಳೆ ತೋಟ ಕೊಂಡು, ಒಂದೇ ವರ್ಷದಲ್ಲಿ ಕಟ್ಟಿದ ಪಾರ್ಕ್ ಇದು. ಖರ್ಚು ಸುಮಾರು 1.7 ಕೋಟಿ ಡಾಲರ್. ಅಷ್ಟು ದುಡ್ಡು ಡಿಸ್ನಿ ಹತ್ತಿರ ಇರಲಿಲ್ಲ. ಆಗಿನ್ನೂ ಹಿಂದುಳಿದಿದ್ದ ಎಬಿಸಿ ಟಿವಿ ಜಾಲ 5 ಲಕ್ಷ ಡಾಲರ್ ಹಾಕಿ, 45 ಲಕ್ಷ ಡಾಲರ್ ಸಾಲಕ್ಕೆ ಜಾಮೀನು ನಿಂತಿತು. ಬದಲಿಗೆ ಪಾರ್ಕಿನಲ್ಲಿ ಮೂರನೇ ಒಂದಕ್ಕಿಂತ ಸ್ವಲ್ಪ ಹೆಚ್ಚು ಪಾಲು, ಜೊತೆಗೆ ಡಿಸ್ನಿಯ ವಾರದ ಟಿವಿ ಕಾರ್ಯಕ್ರಮ ಪಡೆಯಿತು. ಮಕ್ಕಳ ಕನಸಿನ ಲೋಕ ಅಂತ ಹೇಳೋದು ಆಯ್ತು, ಆದರೆ ಅಡಿಪಾಯ ಬಿದ್ದದ್ದು ಟಿವಿ ವ್ಯವಹಾರದ ಮೇಲೆ.

ಉದ್ಘಾಟನೆಯೂ ಟಿವಿಯಲ್ಲಿ ನೇರಪ್ರಸಾರ. ನೋಡಿದವರು 9 ಕೋಟಿ ಜನ ಅನ್ನೋದು ಅಂದಾಜು. ನಿರೂಪಕರಲ್ಲಿ ಒಬ್ಬರು ರೊನಾಲ್ಡ್ ರೇಗನ್. ಹೌದು, ಆಮೇಲೆ ಅಮೆರಿಕದ ಅಧ್ಯಕ್ಷರಾದ ಅದೇ ರೇಗನ್. ಪರದೆ ಮೇಲೆ ಎಲ್ಲ ಚೆಂದ. ಒಳಗಿದ್ದವರ ಕಥೆ ಬೇರೆ. ನಕಲಿ ಟಿಕೆಟ್‌ಗಳಿಂದ ಜನ ನಿರೀಕ್ಷೆಗಿಂತ ಬಹಳ ಹೆಚ್ಚು ನುಗ್ಗಿದರು. ಸುಡು ಬಿಸಿಲು. ಹೊಸದಾಗಿ ಹಾಕಿದ ಡಾಂಬರು ಇನ್ನೂ ಗಟ್ಟಿಯಾಗಿರಲಿಲ್ಲ, ಹೆಂಗಸರ ಹೈ ಹೀಲ್ಸ್ ಅದರಲ್ಲಿ ಹೂತುಹೋದವು. ಗ್ಯಾಸ್ ಸೋರಿ ಫ್ಯಾಂಟಸಿಲ್ಯಾಂಡ್ ಭಾಗವನ್ನು ಸ್ವಲ್ಪ ಹೊತ್ತು ಮುಚ್ಚಿದರು. ರೈಡುಗಳು ಒಂದೊಂದಾಗಿ ಕೆಟ್ಟು ನಿಂತವು.

ಕುಡಿಯೋ ನೀರಿನ ಕಥೆ ಇನ್ನೂ ಸ್ವಾರಸ್ಯ. ಪ್ಲಂಬರ್‌ಗಳ ಮುಷ್ಕರದಿಂದ ಕೆಲಸ ಹಿಂದೆ ಬಿದ್ದಿತ್ತು. ಶೌಚಾಲಯ ಮುಗಿಸಬೇಕಾ, ಕುಡಿಯೋ ನೀರಿನ ನಲ್ಲಿಗಳನ್ನು ಮುಗಿಸಬೇಕಾ ಅನ್ನೋ ಪ್ರಶ್ನೆ ಬಂದಾಗ ವಾಲ್ಟ್ ಶೌಚಾಲಯ ಆರಿಸಿದರು. ಪೆಪ್ಸಿ ಮಾರೋಕೆ ನೀರು ನಿಲ್ಲಿಸಿದ್ದಾರೆ ಅಂತ ಬಾಯಾರಿದ ಜನ ಬೈದುಕೊಂಡರು. ಕಂಪನಿಯೊಳಗೆ ಆ ದಿನಕ್ಕೆ ಬಂದ ಹೆಸರು ‘ಕರಾಳ ಭಾನುವಾರ’.

ಇವತ್ತು ‘ಕ್ಲಾಸಿಕ್’ ಅನಿಸಿಕೊಂಡ ರೈಡುಗಳೇ ಅವತ್ತು ಅರೆಬರೆ. ಈಗ ಪುಟಾಣಿ ಹಳ್ಳಿ, ಅರಮನೆಗಳ ನಡುವೆ ಸಾಗುವ ಸ್ಟೋರಿಬುಕ್ ಲ್ಯಾಂಡ್ ದೋಣಿಗಳಿವೆಯಲ್ಲ, ಅವು 1955ರಲ್ಲಿ ಬೋಳು ಮಣ್ಣಿನ ದಡಗಳ ನಡುವೆ ಓಡುತ್ತಿದ್ದವು. ತೋರಿಸೋಕೆ ಏನೂ ಇರಲಿಲ್ಲ. ಮುಚ್ಚಿ, ಹೊಸದಾಗಿ ಕಟ್ಟಿ 1956ರಲ್ಲಿ ತೆರೆದರು. ಕೇಸಿ ಜೂನಿಯರ್ ಪುಟ್ಟ ರೈಲು ಜುಲೈ ಕೊನೆಗೆ ಬಂತು. ಡಂಬೋ ಬಂದದ್ದು ಆಗಸ್ಟ್ 16ಕ್ಕೆ. ಆಗ ಅದಕ್ಕೆ ಹತ್ತು ಆನೆಗಳು. ಈಗಿನ ಹದಿನಾರು ಆನೆಗಳ ಯಂತ್ರ 1990ರದ್ದು. ‘ವಾಲ್ಟ್ ಮಾಡಿದ್ದ ಹಾಗೇ ಇಡಿ’ ಅಂದರೆ ಯಾವ ದಿನದ ಹಾಗೆ ಅಂತ ಮೊದಲು ಕೇಳಬೇಕು.

ರೈಲು: ಯಾರದು, ಯಾವುದರಿಂದ ಓಡುತ್ತೆ

ವಾಲ್ಟ್‌ಗೆ ರೈಲಿನ ಹುಚ್ಚು. ಮನೆ ಹಿತ್ತಿಲಲ್ಲೇ ಮೈಮೇಲೆ ಕೂತು ಹೋಗಬಹುದಾದ ಪುಟ್ಟ ಉಗಿ ರೈಲು ಹಾಕಿಕೊಂಡಿದ್ದ ಮನುಷ್ಯ. ಪಾರ್ಕ್ ಸುತ್ತ ಓಡುವ ರೈಲು ಅದರ ದೊಡ್ಡ ರೂಪ. ಹಳಿಗಳ ನಡುವಿನ ಅಂತರ ಮೂರು ಅಡಿ, ನ್ಯಾರೋ ಗೇಜ್. ಮೊದಲ ಎರಡು ಎಂಜಿನ್‌ಗಳನ್ನು ಡಿಸ್ನಿ ಸ್ಟುಡಿಯೋದವರೇ ಕಟ್ಟಿದರು. ಆಮೇಲೆ ಬಂದವು ಬಾಲ್ಡ್‌ವಿನ್ ಕಂಪನಿಯ ಹಳೇ ಎಂಜಿನ್‌ಗಳು. ಅವುಗಳಲ್ಲಿ ಒಂದು 1894ರದ್ದು. ಕ್ಯಾರೊಸೆಲ್ಲಿಗಿಂತಲೂ ಹಳೇದು! ಎಂಜಿನಿಯರಿಂಗ್ ಓದಿದವರಿಗೆ ಇದು ಸಣ್ಣ ವಿಷಯ ಅಲ್ಲ. ಇವು ಉಗಿಯ ವೇಷ ಹಾಕಿದ ಡೀಸೆಲ್ ಎಂಜಿನ್‌ಗಳಲ್ಲ. ಬಾಯ್ಲರ್‌ನಲ್ಲಿ ನೀರು ನಿಜಕ್ಕೂ ಕುದಿಯುತ್ತೆ, ಉಗಿಯೇ ಪಿಸ್ಟನ್ ತಳ್ಳುತ್ತೆ.

ಈ ರೈಲಿನ ಮಾಲೀಕರು ಯಾರು ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ದಶಕಗಳ ಕಾಲ ಅದು ಡಿಸ್ನಿ ಕಂಪನಿಯದ್ದಾಗಿರಲಿಲ್ಲ, ವಾಲ್ಟ್ ಕುಟುಂಬದ ಖಾಸಗಿ ಕಂಪನಿಯದ್ದಾಗಿತ್ತು. ಹೆಸರು ‘ರೆಟ್ಲಾ’. ಇಂಗ್ಲಿಷಿನ ‘ವಾಲ್ಟರ್’ ಅನ್ನು ಹಿಂದಿನಿಂದ ಓದಿ, ಅಷ್ಟೇ. ಸಾರ್ವಜನಿಕ ಷೇರುದಾರರಿದ್ದ ಕಂಪನಿಯ ಪಾರ್ಕಿನೊಳಗೆ ಓಡುವ ರೈಲು, ಮೋನೋರೈಲುಗಳ ಗಳಿಕೆ ಕುಟುಂಬಕ್ಕೆ ಹೋಗುತ್ತಿತ್ತು. 1980ರ ದಶಕದ ಆರಂಭದಲ್ಲಿ ಡಿಸ್ನಿ ಕಂಪನಿ ಇದನ್ನು ಕೊಂಡುಕೊಂಡಿತು.

ರೈಲು ಕೂಡ ಬದಲಾಗಿದೆ. 2007ರಿಂದ ಅದು ಜೈವಿಕ ಡೀಸೆಲ್‌ನಲ್ಲಿ ಓಡುತ್ತೆ. ಮುಂದೆ ರೆಸಾರ್ಟಿನ ಅಡುಗೆಮನೆಗಳಲ್ಲಿ ಕರಿದು ಉಳಿದ ಎಣ್ಣೆಯನ್ನೇ ಇಂಧನ ಮಾಡಿಕೊಂಡರು. ಸ್ಟಾರ್ ವಾರ್ಸ್ ಭಾಗಕ್ಕೆ ಜಾಗ ಮಾಡೋಕೆ 2016ರಲ್ಲಿ ರೈಲು ನಿಲ್ಲಿಸಿ ಹಳಿಗಳ ದಾರಿಯನ್ನೇ ಬದಲಿಸಿದರು. 2017ರಲ್ಲಿ ಮತ್ತೆ ಶುರುವಾದಾಗ, ಅಷ್ಟು ವರ್ಷ ಬರೀ ಬಲಕ್ಕೆ ತಿರುಗುತ್ತಿದ್ದ ರೈಲು ಮೊದಲ ಸಲ ಎಡಕ್ಕೆ ತಿರುಗಿತು. ಈ ಬದಲಾವಣೆಗಳಿಗೆ ಯಾರೂ ದೊಡ್ಡ ಗಲಾಟೆ ಮಾಡಲಿಲ್ಲ ಅನ್ನೋದನ್ನು ಗಮನದಲ್ಲಿಡಿ. ಮುಂದೆ ಬೇಕಾಗುತ್ತೆ.

ಜಂಗಲ್ ಕ್ರೂಸ್: ಯಾರ ಕಣ್ಣಿನ ಕಾಡು?

ದೊಡ್ಡ ಜಗಳ ನಡೆದದ್ದು ಇಲ್ಲಿ. ಜಂಗಲ್ ಕ್ರೂಸ್ ಮೊದಲ ದಿನದ ರೈಡ್. ಡಿಸ್ನಿಯ ವನ್ಯಜೀವಿ ಸಾಕ್ಷ್ಯಚಿತ್ರಗಳು ಇದಕ್ಕೆ ಪ್ರೇರಣೆ. ವಿನ್ಯಾಸಕಾರ ಹಾರ್ಪರ್ ಗಾಫ್ ಮೇಲೆ ‘ದಿ ಆಫ್ರಿಕನ್ ಕ್ವೀನ್’ ಸಿನಿಮಾದ ಪ್ರಭಾವವೂ ಇತ್ತು. ವಾಲ್ಟ್‌ಗೆ ನಿಜವಾದ ಪ್ರಾಣಿಗಳು ಬೇಕಿತ್ತು, ಆದರೆ ಅವು ಹಗಲೆಲ್ಲ ಮಲಗಿರ್ತವೆ, ಇಲ್ಲಾ ಅವಿತುಕೊಳ್ತವೆ ಅಂತ ಗೊತ್ತಾಗಿ ಯಂತ್ರದ ಪ್ರಾಣಿಗಳನ್ನು ಇಟ್ಟರು. ಕಾಡು ಬೆಳೆಸಿದವರು ಬಿಲ್ ಎವಾನ್ಸ್. ತೋಟದಿಂದ ಕಿತ್ತ ಕಿತ್ತಳೆ ಮರಗಳನ್ನೇ ಬುಡಮೇಲು ನೆಟ್ಟು, ಬೇರುಗಳು ವಿಚಿತ್ರ ಕೊಂಬೆಗಳ ಹಾಗೆ ಕಾಣುವಂತೆ ಮಾಡಿದರು. ಆಫ್ರಿಕಾದ ನದಿ, ಏಷ್ಯಾದ ನದಿ ಎಲ್ಲ ಸೇರಿ ಒಂದೇ ಕಾಲುವೆ. ದೋಣಿ ನೀರಿನಡಿಯ ಹಳಿ ಮೇಲೆ ಸಾಗುತ್ತೆ.

ಶುರುವಿನಲ್ಲಿ ದೋಣಿಯವನ ವಿವರಣೆ ಗಂಭೀರವಾಗಿತ್ತು, ಸಾಕ್ಷ್ಯಚಿತ್ರದ ಥರ. ಇವತ್ತು ಜನ ಇಷ್ಟಪಡುವ ಪೋಲಿ ಜೋಕುಗಳು, ಪದಚಮತ್ಕಾರ ಎಲ್ಲ ಆಮೇಲೆ ಬಂದವು. ಬದಲಾಯಿಸಿದವರು ವಾಲ್ಟ್ ಸ್ವತಃ. ‘ಇದನ್ನು ಹೋದ ಸಲವೇ ನೋಡಿದೀವಿ, ಮತ್ತೆ ಬೇಡ’ ಅಂತ ಒಬ್ಬ ತಾಯಿ ಮಗುವಿಗೆ ಹೇಳಿದ್ದು ಅವರ ಕಿವಿಗೆ ಬಿದ್ದಿತ್ತು ಅನ್ನೋ ಕಥೆ ಪ್ರಸಿದ್ಧ. 1960ರ ದಶಕದ ಆರಂಭದಲ್ಲಿ ಚಿತ್ರಕಾರ ಮಾರ್ಕ್ ಡೇವಿಸ್ ಕೈಯಿಂದ ಹಾಸ್ಯ ದೃಶ್ಯಗಳು ಬಂದವು. 1962ರಲ್ಲಿ ಸೇರಿದ ಆನೆಗಳ ಸ್ನಾನದ ಕೊಳ ಅವುಗಳಲ್ಲಿ ಒಂದು. ಅವು ಭಾರತದ ಆನೆಗಳು. ಆಮೇಲೆ ಬಂದದ್ದು ಘೇಂಡಾಮೃಗಕ್ಕೆ ಹೆದರಿ ಕಂಬ ಹತ್ತಿದ ಸಫಾರಿ ತಂಡ: ಒಬ್ಬ ಬಿಳಿಯ ಸಾಹೇಬ, ಜೊತೆಗೆ ಅವನ ಕರಿಯ ಹಮಾಲರು.

ಅಂದ್ರೆ ‘ಮೂಲ ಜಂಗಲ್ ಕ್ರೂಸ್’ ಅಂತ ಜನ ಯಾವುದನ್ನು ಕಾಪಾಡೋಕೆ ಹೊರಟರೋ ಅದು 1955ರದ್ದೇ ಅಲ್ಲ. ಅದು 60ರ ದಶಕದ ತಿದ್ದುಪಡಿ.

ಇನ್ನು ಒಳಗಿದ್ದ ಮನುಷ್ಯರ ವಿಷಯ. ಪ್ರಾಣಿಗಳ ನಡುವೆ ಪ್ರಾಣಿಗಳ ಹಾಗೇ ತೋರಿಸಿದ ‘ಕಾಡು ಜನ’. ಈಟಿ ಎತ್ತಿ ದೋಣಿ ಮೇಲೆ ದಾಳಿ ಮಾಡುವವರು, ಕುಣಿಯುವವರು. ಕೊನೆಯಲ್ಲಿ ‘ಟ್ರೇಡರ್ ಸ್ಯಾಮ್’ ಅನ್ನೋ ಗೊಂಬೆ, ಕೈಯಲ್ಲಿ ಒಣಗಿಸಿದ ಮನುಷ್ಯರ ತಲೆಗಳು. ನಿನ್ನ ಒಂದು ತಲೆ ಕೊಟ್ಟರೆ ನನ್ನ ಎರಡು ತಲೆ ಕೊಡ್ತೀನಿ ಅನ್ನೋದು ಅವನ ಹೆಸರಲ್ಲಿ ಹೇಳುತ್ತಿದ್ದ ಜೋಕು. 1955 ಅಂದರೆ ಯಾವ ಕಾಲ ನೋಡಿ: ಆ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ಬಾಂಡುಂಗ್‌ನಲ್ಲಿ ಏಷ್ಯಾ, ಆಫ್ರಿಕಾದ 29 ದೇಶಗಳ ನಾಯಕರು ಸೇರಿ ವಸಾಹತುಶಾಹಿ ಮುಗೀಬೇಕು ಅಂದಿದ್ದರು. ನೆಹರೂ ಅಲ್ಲಿದ್ದರು. ಮೂರು ತಿಂಗಳ ನಂತರ ಅನಹೈಮ್‌ನಲ್ಲಿ ತೆರೆದ ರೈಡ್‌ನಲ್ಲಿ ಆ ಖಂಡಗಳ ಜನ ಬರೀ ಈಟಿ ಹಿಡಿದ ಗೊಂಬೆಗಳು.

ಬದಲಾವಣೆಗೆ ಅರವತ್ತಾರು ವರ್ಷ ಬೇಕಾಯಿತು. 2020ರಲ್ಲಿ ಜಾರ್ಜ್ ಫ್ಲಾಯ್ಡ್ ಕೊಲೆಯಾದ ಮೇಲೆ ಅಮೆರಿಕದ ಉದ್ದಗಲಕ್ಕೂ ಎದ್ದ ಪ್ರತಿಭಟನೆ ಕಂಪನಿಗಳನ್ನೂ ಮುಟ್ಟಿತು. 2021ರ ಜನವರಿಯಲ್ಲಿ ಡಿಸ್ನಿ ಘೋಷಣೆ ಮಾಡಿತು, ಜುಲೈನಲ್ಲಿ ಹೊಸ ರೂಪ ತೆರೆಯಿತು. ದಾಳಿ ಮಾಡುವ ಗೊಂಬೆಗಳು ಹೋದವು, ಟ್ರೇಡರ್ ಸ್ಯಾಮ್ ಹೋದ. ಕಂಬ ಹತ್ತಿದ ದೃಶ್ಯ ಉಳಿಯಿತು, ಆದರೆ ಹಮಾಲರ ಬದಲು ಬೇರೆ ಬೇರೆ ದೇಶಗಳ ಪ್ರವಾಸಿಗರ ತಂಡ ಬಂತು. ಜೋಕುಗಳು, ಆನೆಗಳು ಹಾಗೇ ಇವೆ. ದೋಣಿ ಮುಳುಗಲಿಲ್ಲ.

ನದಿ ದಡದ ಉರಿಯುವ ಮನೆ

ಪಕ್ಕದ ನದಿಯಲ್ಲೂ ಇಂಥದ್ದೇ ಕಥೆ. ಮಾರ್ಕ್ ಟ್ವೈನ್ ಹಡಗು ನಿಜವಾದ ಉಗಿಯಿಂದ ಚಕ್ರ ತಿರುಗಿಸಿಕೊಂಡು ಹೋಗುತ್ತೆ. ಅಲ್ಲಿಯ ಮರಳು ಮಣ್ಣಿಗೆ ನೀರು ಬಿಟ್ಟಾಗ ಮೊದಲು ಪೂರ್ತಿ ಇಂಗಿಹೋಗಿತ್ತು, ಜೇಡಿಮಣ್ಣು ತಂದು ತಳಕ್ಕೆ ಹಾಕಿದ ಮೇಲೆ ನದಿ ನಿಂತಿತು. ದಡದಲ್ಲಿ ಒಂದು ಮರದ ಮನೆ ಹೊತ್ತಿ ಉರಿಯುತ್ತಿತ್ತು, ಮುಂದೆ ಬಾಣ ಚುಚ್ಚಿಕೊಂಡು ಸತ್ತುಬಿದ್ದ ಬಿಳಿಯ ವಲಸಿಗನ ಗೊಂಬೆ. ಬೆಂಕಿ ಹಚ್ಚಿದವರು ‘ಇಂಡಿಯನ್ನರು’, ಅಂದರೆ ಅಮೆರಿಕದ ಮೂಲನಿವಾಸಿಗಳು. ನೆಲ ಕಳೆದುಕೊಂಡವರು ದಾಳಿಕೋರರಾಗಿ, ನೆಲಕ್ಕೆ ಬಂದು ನಿಂತವರು ಬಲಿಪಶುಗಳಾಗಿ ಕಾಣುವ ದೃಶ್ಯ.

ಅದೇ ನದಿಯಲ್ಲಿ 1956ರಿಂದ ‘ಇಂಡಿಯನ್ ಯುದ್ಧ ದೋಣಿ’ಗಳಿದ್ದವು, ಪಕ್ಕದಲ್ಲಿ ‘ಇಂಡಿಯನ್ ಹಳ್ಳಿ’ ಇತ್ತು. ಅಲ್ಲಿ ನಿಜವಾದ ಮೂಲನಿವಾಸಿಗಳೇ ನೃತ್ಯ ಮಾಡುತ್ತಿದ್ದರು. 1971ರಲ್ಲಿ ಹಳ್ಳಿ ಮುಚ್ಚಿತು, ದೋಣಿಗಳ ಹೆಸರನ್ನು ಬಿಳಿಯ ಗಡಿನಾಡಿನ ನಾಯಕ ಡೇವಿ ಕ್ರಾಕೆಟ್ ಹೆಸರಿಗೆ ಬದಲಿಸಿದರು. ಉರಿಯುವ ಮನೆಯ ಕಥೆಯೂ ವರ್ಷ ಕಳೆದ ಹಾಗೆ ಹಲವು ಸಲ ಬದಲಾಯಿತು. ಬಾಣ ಹೋಯಿತು, ಹೆಣ ಹೋಯಿತು, ಕೊನೆಗೆ ಮನೆಯವನದೇ ತಪ್ಪಿನಿಂದ ಬೆಂಕಿ ಬಿತ್ತು ಅನ್ನೋ ಕಥೆ ಬಂತು. ಒಂದು ಕಡೆ ಅವಮಾನ ಹೋಯಿತು, ನಿಜ. ಇನ್ನೊಂದು ಕಡೆ ಅಲ್ಲಿ ಕೆಲಸ ಮಾಡುತ್ತಿದ್ದ ಮೂಲನಿವಾಸಿಗಳೂ ಕಾಣೆಯಾದರು. ಅವಮಾನ ತೆಗೆಯೋದು ಬೇರೆ, ಜಾಗ ಕೊಡೋದು ಬೇರೆ ಅನ್ನೋದಕ್ಕೆ ಇದು ಒಳ್ಳೇ ಉದಾಹರಣೆ.

ಕತ್ತಲೆ ರೈಡುಗಳು ಮತ್ತು ಒಂದು ಮುತ್ತು

ಸ್ನೋ ವೈಟ್, ಪೀಟರ್ ಪ್ಯಾನ್, ಮಿಸ್ಟರ್ ಟೋಡ್ — ಈ ಮೂರೂ ಕತ್ತಲೆಯಲ್ಲಿ ಪುಟ್ಟ ಗಾಡಿ ಏರಿ ಹೋಗುವ ರೈಡುಗಳು. 1955ರಲ್ಲಿ ಇವುಗಳ ಹಿಂದೆ ಒಂದು ಚೆಂದದ ಐಡಿಯಾ ಇತ್ತು. ಸ್ನೋ ವೈಟ್ ರೈಡ್‌ನಲ್ಲಿ ಸ್ನೋ ವೈಟ್ ಗೊಂಬೆಯೇ ಇರಲಿಲ್ಲ! ಯಾಕಂದ್ರೆ ಗಾಡಿಯಲ್ಲಿ ಕೂತ ನೀವೇ ಸ್ನೋ ವೈಟ್. ಮಾಟಗಾತಿ ನಿಮ್ಮನ್ನೇ ಅಟ್ಟಿಸಿಕೊಂಡು ಬರ್ತಾಳೆ. ಪೀಟರ್ ಪ್ಯಾನ್‌ನಲ್ಲೂ ಅದೇ, ಹಾರುವವರು ನೀವೇ. ಆದರೆ ಜನಕ್ಕೆ ಇದು ಅರ್ಥವೇ ಆಗಲಿಲ್ಲ. ಸ್ನೋ ವೈಟ್ ಎಲ್ಲಿ ಅಂತ ಕೇಳ್ತಾನೇ ಇದ್ದರು. 1983ರಲ್ಲಿ ಇಡೀ ಫ್ಯಾಂಟಸಿಲ್ಯಾಂಡ್ ಹೊಸದಾಗಿ ಕಟ್ಟಿದಾಗ ಮುಖ್ಯ ಪಾತ್ರಗಳ ಗೊಂಬೆಗಳು ಒಳಗೆ ಬಂದವು. ಅಂದ್ರೆ ರೈಡ್‌ನ ಮೂಲ ಕಲ್ಪನೆಯನ್ನೇ ಬಿಟ್ಟರು.

2021ರಲ್ಲಿ ಸ್ನೋ ವೈಟ್ ರೈಡ್ ಮತ್ತೊಮ್ಮೆ ಹೊಸದಾಯಿತು. ಮಕ್ಕಳನ್ನು ಅಳಿಸುತ್ತಿದ್ದ ಭಯದ ಅಂತ್ಯ ಕಡಿಮೆಯಾಗಿ, ಕೊನೆಗೆ ರಾಜಕುಮಾರನ ಮುತ್ತಿನ ದೃಶ್ಯ ಬಂತು. ಪ್ರಜ್ಞೆ ಇಲ್ಲದ ಹುಡುಗಿಗೆ ಅವಳ ಒಪ್ಪಿಗೆ ಇಲ್ಲದೆ ಮುತ್ತಿಡೋದನ್ನು ಈ ಕಾಲದಲ್ಲಿ ಹೊಸದಾಗಿ ಸೇರಿಸಬೇಕಿತ್ತಾ ಅಂತ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಸುದ್ದಿತಾಣದ ವಿಮರ್ಶೆ ಕೇಳಿತು. ಅಷ್ಟೇ ಸಾಕಾಯಿತು. ‘ಸ್ನೋ ವೈಟ್‌ನ ಪುರಾತನ ಮುತ್ತನ್ನು ರದ್ದು ಮಾಡ್ತಿದ್ದಾರೆ’ ಅಂತ ಟಿವಿ ಚಾನೆಲ್‌ಗಳಲ್ಲಿ ದಿನಗಟ್ಟಲೆ ಕೂಗಾಟ. ಸಿನಿಮಾದಲ್ಲಿ ಆ ಮುತ್ತು 1937ರಿಂದ ಇದೆ, ನಿಜ. ಆದರೆ ಆ ರೈಡ್‌ನಲ್ಲಿ ಆ ದೃಶ್ಯಕ್ಕೆ ಆಗ ಕೆಲವೇ ದಿನಗಳ ವಯಸ್ಸು. ಯಾರೂ ಅದನ್ನು ರದ್ದು ಮಾಡಲೂ ಇಲ್ಲ, ಒಬ್ಬರು ಪ್ರಶ್ನೆ ಕೇಳಿದ್ದರು ಅಷ್ಟೇ. ಹೊಚ್ಚ ಹೊಸದು ‘ಪರಂಪರೆ’ ಆಗೋಕೆ ಎಷ್ಟು ಹೊತ್ತು ಬೇಕು ನೋಡಿ.

ಹಾಗಂತ ಹಳೇದನ್ನು ಪ್ರೀತಿಸುವವರೆಲ್ಲ ಹಠಮಾರಿಗಳು ಅಂತಲ್ಲ. ಮಿಸ್ಟರ್ ಟೋಡ್ ರೈಡ್ ವಿಚಿತ್ರವಾಗಿದೆ. ಕುಡುಕನ ಹಾಗೆ ಕಾರು ಓಡಿಸೋ ಕಪ್ಪೆ, ಕೊನೆಗೆ ರೈಲಿಗೆ ಸಿಕ್ಕಿ ನೇರ ನರಕಕ್ಕೆ! ಇದು ಪುಸ್ತಕದಲ್ಲೂ ಇಲ್ಲ, ಸಿನಿಮಾದಲ್ಲೂ ಇಲ್ಲ. ಫ್ಲೋರಿಡಾದ ಡಿಸ್ನಿ ವರ್ಲ್ಡ್‌ನಲ್ಲಿದ್ದ ಇದರ ಜೋಡಿ ರೈಡನ್ನು ಮುಚ್ಚುತ್ತಾರೆ ಅಂತ ಗೊತ್ತಾದಾಗ ಅಭಿಮಾನಿಗಳು ಟೀಶರ್ಟ್ ಹಾಕಿಕೊಂಡು ಪಾರ್ಕಿನೊಳಗೇ ಪ್ರತಿಭಟನೆ ಮಾಡಿದರು. ಕಂಪನಿ ಕೇಳಲಿಲ್ಲ, 1998ರಲ್ಲಿ ಮುಚ್ಚಿತು. 2025ರ ಜುಲೈನಲ್ಲಿ ಅದೇ ಫ್ಲೋರಿಡಾ ಪಾರ್ಕಿನ ಇಡೀ ನದಿ, ಹಡಗು ಎಲ್ಲ ಮುಚ್ಚಿ ‘ಕಾರ್ಸ್’ ಸಿನಿಮಾದ ಭಾಗಕ್ಕೆ ಜಾಗ ಮಾಡಿದರು. ಕ್ಯಾಲಿಫೋರ್ನಿಯಾದಲ್ಲಿ ಟೋಡ್ ಮತ್ತು ನದಿ ಉಳಿದಿವೆ. ಅದು ವಾಲ್ಟ್ ಓಡಾಡಿದ ಒಂದೇ ಪಾರ್ಕ್, 1966ರಲ್ಲಿ ಅವರು ತೀರಿಕೊಂಡಾಗ ಫ್ಲೋರಿಡಾದ್ದು ಇನ್ನೂ ತೆರೆದಿರಲಿಲ್ಲ. ಹಾಗಾಗಿ ಇಲ್ಲಿ ‘ಹಳೇದು’ ಅನ್ನೋದಕ್ಕೇ ಮಾರುಕಟ್ಟೆ ಬೆಲೆ ಇದೆ. ಅಭಿಮಾನಿಗಳ ಪ್ರೀತಿಯ ಜೊತೆ ಈ ಬೆಲೆಯೂ ಹಳೇ ರೈಡುಗಳನ್ನು ಕಾಯುತ್ತಿದೆ.

ಪೆಟ್ರೋಲ್ ವಾಸನೆಯ ಭವಿಷ್ಯ

ಆಟೋಪಿಯಾ 1955ರಲ್ಲಿ ‘ನಾಳೆಯ ಲೋಕ’ದ ರೈಡ್. ಮುಂದಿನ ವರ್ಷವೇ ಅಮೆರಿಕ ಸರ್ಕಾರ ದೇಶದ ತುಂಬ ಹೆದ್ದಾರಿ ಹಾಕುವ ಕಾಯ್ದೆ ತಂದಿತು. ಡಿಸ್ನಿಲ್ಯಾಂಡ್‌ಗೆ ಆ ಜಾಗ ಆರಿಸಿದ್ದರ ಹಿಂದೆಯೂ ಹೊಸ ಫ್ರೀವೇ ಲೆಕ್ಕಾಚಾರ ಇತ್ತು. ರೈಡ್‌ಗೆ ಪ್ರಾಯೋಜಕರು ರಿಚ್‌ಫೀಲ್ಡ್ ಎಣ್ಣೆ ಕಂಪನಿ. ಕಾರುಗಳ ವಿನ್ಯಾಸ ಬಾಬ್ ಗರ್ ಅವರದ್ದು. ಆಗ ರಸ್ತೆ ಮಧ್ಯೆ ದಾರಿ ತೋರಿಸುವ ಹಳಿ ಇರಲಿಲ್ಲ. ಮಕ್ಕಳಿಗೆ ಶಿಸ್ತಿನ ಡ್ರೈವಿಂಗ್ ಕಲಿಸೋ ಆಸೆ ಇತ್ತು; ಮಕ್ಕಳು ಒಬ್ಬರಿಗೊಬ್ಬರು ಗುದ್ದಿಕೊಂಡೇ ಕಾರುಗಳನ್ನು ಹಾಳು ಮಾಡಿದರು. 60ರ ದಶಕದಲ್ಲಿ ಹಳಿ ಬಂತು.

ಪೆಟ್ರೋಲ್ ಎಂಜಿನ್ ಮಾತ್ರ ಉಳೀತು. ಕಾರು ಪ್ರತಿ ಮನೆಗೂ ಬರುತ್ತೆ ಅನ್ನೋ ಭವಿಷ್ಯ ನಿಜವಾಗಿ, ಹಳೇದಾಗಿ, ಹವಾಮಾನ ಬಿಕ್ಕಟ್ಟಾಗಿ ಬದಲಾದರೂ ‘ನಾಳೆಯ ಲೋಕ’ದಲ್ಲಿ ಹೊಗೆ ಬರ್ತಾನೇ ಇತ್ತು. 2024ರಲ್ಲಿ ಪರಿಸರವಾದಿಗಳ ಒತ್ತಾಯದ ನಡುವೆ ಡಿಸ್ನಿ ಪೆಟ್ರೋಲ್ ಬಿಟ್ಟು ಎಲೆಕ್ಟ್ರಿಕ್ ಮಾಡುವುದಾಗಿ ಒಪ್ಪಿತು.

ಕಾಣದ ಕೈಗಳು

ಇಲ್ಲಿಯವರೆಗೆ ಗೊಂಬೆಗಳ ಮಾತಾಯ್ತು. ಗೊಂಬೆಗಳನ್ನು ಓಡಿಸುವವರ ಮಾತಿಗೆ ಬರೋಣ. ಸಾಂಸ್ಕೃತಿಕ ಜಗಳದ ಸದ್ದಿನಲ್ಲಿ ಮುಚ್ಚಿಹೋಗೋದು ಇದೇ.

1998ರ ಡಿಸೆಂಬರ್ 24ರಂದು ಅದೇ ನದಿಯ ಇನ್ನೊಂದು ಹಡಗು ‘ಕೊಲಂಬಿಯಾ’ ದಡಕ್ಕೆ ಬರುವಾಗ, ಹಗ್ಗ ಕಟ್ಟುವ ಲೋಹದ ಕೊಂಡಿ ಕಿತ್ತುಬಂದು ಕಾಯುತ್ತಿದ್ದವರಿಗೆ ಬಡಿಯಿತು. ಒಬ್ಬ ಪ್ರವಾಸಿ ತೀರಿಕೊಂಡರು. ಆಗ ಬಯಲಾದ ವಿಷಯ: ಜಾತ್ರೆಗಳಲ್ಲಿ ಬಂದುಹೋಗುವ ರೈಡುಗಳಿಗೆ ಕ್ಯಾಲಿಫೋರ್ನಿಯಾದಲ್ಲಿ ಸರ್ಕಾರಿ ತಪಾಸಣೆ ಇತ್ತು, ಡಿಸ್ನಿಲ್ಯಾಂಡ್‌ನಂಥ ಕಾಯಂ ಪಾರ್ಕುಗಳಿಗೆ ಇರಲಿಲ್ಲ! ಪಾರ್ಕ್ ಶುರುವಾಗಿ 44 ವರ್ಷದ ಮೇಲೆ, 1999ರಲ್ಲಿ, ಕಾಯಂ ಪಾರ್ಕುಗಳ ರೈಡ್ ಸುರಕ್ಷತೆಗೆ ರಾಜ್ಯ ಕಾನೂನು ತಂದಿತು. ‘ಮೊದಲಿನಿಂದ ಹೀಗೇ ನಡೀತಿತ್ತು’ ಅನ್ನೋ ಮಾತಿಗೆ ಒಂದು ಜೀವದ ಬೆಲೆ ತೆರಬೇಕಾಯಿತು.

ಡಿಸ್ನಿ ತನ್ನ ಕೆಲಸಗಾರರನ್ನು ಕಾರ್ಮಿಕರು ಅಂತ ಕರೆಯಲ್ಲ, ‘ಕ್ಯಾಸ್ಟ್ ಮೆಂಬರ್’ ಅನ್ನುತ್ತೆ. ನಾಟಕದ ಪಾತ್ರಧಾರಿಗಳು ಅನ್ನೋ ಅರ್ಥ. ಪಾತ್ರಧಾರಿಗಳಿಗೂ ಬಾಡಿಗೆ ಕಟ್ಟಬೇಕಲ್ಲ? 1984ರಲ್ಲಿ ಪಾರ್ಕಿನ ಕಾರ್ಮಿಕರು 22 ದಿನ ಮುಷ್ಕರ ಮಾಡಿದರು. 2018ರಲ್ಲಿ ಸಂಘಗಳ ಬೆಂಬಲದಿಂದ ಆಕ್ಸಿಡೆಂಟಲ್ ಕಾಲೇಜಿನ ಸಂಶೋಧಕರು ಮತ್ತು ‘ಎಕನಾಮಿಕ್ ರೌಂಡ್‌ಟೇಬಲ್’ ಸಂಸ್ಥೆ ಸುಮಾರು 5,000 ಕೆಲಸಗಾರರ ಸಮೀಕ್ಷೆ ನಡೆಸಿದರು. ಉತ್ತರಿಸಿದವರಲ್ಲಿ 73% ಜನ ಮೂಲ ಖರ್ಚಿಗೆ ಸಂಬಳ ಸಾಲಲ್ಲ ಅಂದರು. ಹತ್ತರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಹಿಂದಿನ ಎರಡು ವರ್ಷಗಳಲ್ಲಿ ಒಮ್ಮೆಯಾದರೂ ಸ್ವಂತ ನೆಲೆ ಇಲ್ಲದೆ ಇದ್ದವರು. ಕಂಪನಿ ಈ ಸಮೀಕ್ಷೆಯನ್ನು ಒಪ್ಪಲಿಲ್ಲ. ಆದರೆ ಅದೇ ವರ್ಷ ಅನಹೈಮ್ ಮತದಾರರು, ನಗರದಿಂದ ರಿಯಾಯಿತಿ ಪಡೆಯುವ ರೆಸಾರ್ಟ್ ಕಂಪನಿಗಳು ಹೆಚ್ಚಿನ ಕನಿಷ್ಠ ವೇತನ ಕೊಡಬೇಕು ಅನ್ನೋ ‘ಮೆಷರ್ ಎಲ್’ ಅನ್ನು ಗೆಲ್ಲಿಸಿದರು. ಅದು ತನಗೆ ಅನ್ವಯಿಸಲ್ಲ ಅಂತ ಡಿಸ್ನಿ ವಾದಿಸಿತು. 2023ರಲ್ಲಿ ಮೇಲ್ಮನವಿ ನ್ಯಾಯಾಲಯ ಅನ್ವಯಿಸುತ್ತೆ ಅಂದಿತು. ಕೊನೆಗೆ 23.3 ಕೋಟಿ ಡಾಲರ್‌ಗೆ ರಾಜಿ ಆಯಿತು. 2024ರ ಜುಲೈನಲ್ಲಿ ಸುಮಾರು 14,000 ಕಾರ್ಮಿಕರ ಸಂಘಗಳು 99% ಮತದಿಂದ ಮುಷ್ಕರಕ್ಕೆ ಒಪ್ಪಿಗೆ ಕೊಟ್ಟ ಬೆನ್ನಲ್ಲೇ ಗಂಟೆಗೆ 24 ಡಾಲರ್ ಮೂಲ ವೇತನದ ಒಪ್ಪಂದ ಬಂತು.

ಒಳಗೆ ಹೋಗುವವರ ಜೇಬಿನ ಲೆಕ್ಕವೂ ಇದೆ. 1955ರಲ್ಲಿ ದೊಡ್ಡವರಿಗೆ ಪ್ರವೇಶ 1 ಡಾಲರ್, ರೈಡ್‌ಗೆ 10ರಿಂದ 35 ಸೆಂಟ್. ಆಮೇಲೆ ಎ, ಬಿ, ಸಿ ದರ್ಜೆಯ ಟಿಕೆಟ್ ಪುಸ್ತಕ ಬಂತು, 1959ರ ಹೊತ್ತಿಗೆ ಇ ವರೆಗೆ ಬೆಳೆಯಿತು, 1982ರಲ್ಲಿ ನಿಂತಿತು. ಅವತ್ತಿನ 1 ಡಾಲರ್ ಇವತ್ತಿಗೆ ಸುಮಾರು 12 ಡಾಲರ್. 2024ರ ಅಕ್ಟೋಬರ್‌ನಲ್ಲಿ ಅತಿ ಹೆಚ್ಚು ಜನ ಬರುವ ದಿನದ ಟಿಕೆಟ್ 206 ಡಾಲರ್‌ಗೆ ಏರಿತು. ಕ್ಯೂ ತಪ್ಪಿಸುವ ಫಾಸ್ಟ್‌ಪಾಸ್ 1999ರಿಂದ ಪುಕ್ಕಟೆ ಇತ್ತು, 2021ರಿಂದ ಅದಕ್ಕೂ ದುಡ್ಡು.

ಯಾವ ಬದಲಾವಣೆಗೆ ಕೋಪ ಬಂತು?

ಈಗ ಮತ್ತೆ ರೈಲಿನ ಹತ್ತಿರ ಬನ್ನಿ. ಕುದುರೆಗಳ ಬಣ್ಣ, ಡಂಬೋ ಯಂತ್ರ, ರೈಲಿನ ಇಂಧನ, ಹಳಿಯ ದಾರಿ, ಸ್ನೋ ವೈಟ್ ರೈಡ್‌ನ ಮೂಲ ಕಲ್ಪನೆ, ಟಿಕೆಟ್ ದರ ಎಲ್ಲ ಬದಲಾದವು. ಅಲ್ಲೊಂದು ಇಲ್ಲೊಂದು ಗೊಣಗಾಟ ಬಿಟ್ಟರೆ ‘ಪರಂಪರೆ ನಾಶ’ ಅನ್ನೋ ಕೂಗು ಟಿವಿವರೆಗೆ ಹೋಗಲಿಲ್ಲ. ಈಟಿ ಹಿಡಿದ ಗೊಂಬೆ ತೆಗೆದಾಗ, ಒಂದು ಮುತ್ತಿನ ಬಗ್ಗೆ ಪ್ರಶ್ನೆ ಎದ್ದಾಗ ಹೋಯಿತು. ಹಾಗಾದ್ರೆ ಜನಕ್ಕೆ ಕಷ್ಟ ಆದದ್ದು ಬದಲಾವಣೆಯಿಂದಲ್ಲ. ಇಷ್ಟು ದಿನ ಯಾರನ್ನು ನೋಡಿ ನಗುತ್ತಿದ್ದೆವೋ ಅವರೂ ಈಗ ಪಕ್ಕದ ಸೀಟಲ್ಲಿ ಕೂತಿದ್ದಾರೆ ಅನ್ನೋದರಿಂದ.

ಆದರೆ ಗೊಂಬೆ ಬದಲಿಸಿದ ಮಾತ್ರಕ್ಕೆ ಕಂಪನಿಗೆ ಪ್ರಗತಿಪರ ಅಂತ ಸರ್ಟಿಫಿಕೇಟ್ ಕೊಡಬೇಕಿಲ್ಲ. ಗೊಂಬೆ ಬದಲಿಸೋದು ಅಗ್ಗ, ಸಂಬಳ ಏರಿಸೋದು ದುಬಾರಿ. ಜಂಗಲ್ ಕ್ರೂಸ್ ಬದಲಾವಣೆಗೆ ಕಂಪನಿ ತಾನೇ ಪ್ರಚಾರ ಕೊಟ್ಟಿತು. ಮೆಷರ್ ಎಲ್ ವಿರುದ್ಧ ವರ್ಷಗಟ್ಟಲೆ ಕೋರ್ಟಿನಲ್ಲಿ ಹೋರಾಡಿತು. ಎರಡೂ ಅದೇ ಕಂಪನಿ, ಅದೇ ವರ್ಷಗಳು.

ಹಾಗಾಗಿ ಮುಂದಿನ ಸಲ ಯಾರಾದ್ರೂ, ಅದು ಅನಹೈಮ್‌ನಲ್ಲಾಗಲಿ ನಮ್ಮೂರಲ್ಲಾಗಲಿ, ‘ಮೊದಲಿನಿಂದ ಹೀಗೇ ಇತ್ತು’ ಅಂದಾಗ ಮೂರು ಪ್ರಶ್ನೆ ಕೇಳಿ. ಯಾವ ಇಸವಿಯ ಮೊದಲು? ಆ ಮೊದಲನ್ನು ಮಾಡಿದವರು ಯಾರು, ಅದರಲ್ಲಿ ಮಾತಾಡೋ ಅವಕಾಶ ಯಾರಿಗಿರಲಿಲ್ಲ? ಮತ್ತೆ, ಇವತ್ತು ಅದನ್ನು ದಿನಾ ಎತ್ತಿ ನಿಲ್ಲಿಸುತ್ತಿರುವವರಿಗೆ ಎಷ್ಟು ಸಿಗುತ್ತಿದೆ? 1922ರ ಕುದುರೆಗಳು ಇವತ್ತಿಗೂ ಹೊಳೆಯುತ್ತಿರೋದು ತಾವಾಗೇ ಅಲ್ಲ. ಗೇಟು ಮುಚ್ಚಿದ ಮೇಲೆ ಯಾರೋ ಅವುಗಳ ಬಿರುಕು ತುಂಬಿ ಬಣ್ಣ ಹಚ್ಚುತ್ತಾರೆ. ಅವರಿಗೂ ಗಂಟೆ ಲೆಕ್ಕದ ಸಂಬಳ.